ಹಳದಿ ಕಾರ್ಡಿನವರ ನೀರು

ಕೊಳಚೆ ನೀರು ಸಾವಂತ್ರಿಗೆ ಎಂದೂ ಅಸಹ್ಯ ಅನ್ನಿಸಿದ್ದಿಲ್ಲ. ಆರು ವರ್ಷ ಅದರಲ್ಲೇ ಕೈಯಾಡಿಸಿದ್ದಾಳೆ. ಹುಬ್ಬಳ್ಳಿ ಧಾರವಾಡದ ಕಟ್ಟಡಗಳ ಮಲದ ತೊಟ್ಟಿಗಳಿಗೆ ಬಗ್ಗಿ ಬಗ್ಗಿ ಬಾಟಲಿ ತುಂಬಿಕೊಂಡು, ಅದೇ ಚೀಲದ ಇನ್ನೊಂದು ಖಾನೆಯಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು, ಬಸ್ಸಿನಲ್ಲಿ ನೆಮ್ಮದಿಯಿಂದ ನಿದ್ದೆ ಹೊಡೆದು ಬಂದವಳು ಅವಳು. ಅಂಥವಳಿಗೆ ಮೊದಲ ಸಲ ಅಸಹ್ಯ ಅನ್ನಿಸಿದ್ದು 'ನಿರ್ಮಲಧಾರೆ' ಅಪಾರ್ಟ್‌ಮೆಂಟಿನ ಗುಡಿಸಿ ಒರೆಸಿದ ಅಂಗಳದಲ್ಲಿ, ಬೆಳ್ಳಿ ಲೋಟದಲ್ಲಿ ಕೊಟ್ಟ ತಿಳಿನೀರಿನ ಮುಂದೆ.

ಮೈಕು ಹಿಡಿದಿದ್ದವರು ಅಲ್ಲಿನ ಸಂಘದ ಅಧ್ಯಕ್ಷರು, ಮಾಣಿಕರಾಯರು. "ಇವತ್ತಿನಿಂದ ನಮ್ಮ ನಳದಾಗ ನಮ್ಮಂಥಾವರ ನೀರಷ್ಟ ಬರ್ತದ ನೋಡ್ರಿ. ಕಂಡಕಂಡದ್ದು ತಿನ್ನೋ ಮಂದಿ ಮೈಯಾಗ ಹಾದು ಬಂದ ನೀರು ಒಂದು ಹನಿ ಸೈತ ಕೂಡೂದಿಲ್ಲ!" ಎಂದರು. ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಸಾವಂತ್ರಿಯ ಗೈಡು ಪ್ರೊಫೆಸರ್ ಹೊನ್ನಿಹಾಳ ವೇದಿಕೆಯ ಮೇಲೆ ಕೈಮುಗಿದು ನಕ್ಕರು. ಆಮೇಲೆ 'ಇದನ್ನು ಕಂಡುಹಿಡಿದ ಹುಡುಗಿ' ಎಂದು ಅವಳನ್ನೂ ಕರೆದು ಒಂದು ಶಾಲು ಹೊದಿಸಿದರು. ಥೂ, ಆ ಶಾಲಿಗೆ ಹೊಡೆದಿದ್ದ ಅತ್ತರಿನ ವಾಸನೆ ಎರಡು ದಿನ ಅವಳ ಮೂಗು ಬಿಡಲಿಲ್ಲ.

ಇದು ನಡೆದದ್ದು ನದಿಗಳು ಊರಿಗೆ ನೀರು ಕೊಡುವುದನ್ನು ನಿಲ್ಲಿಸಿ ಹನ್ನೆರಡು ವರ್ಷವಾದ ಮೇಲೆ. ಅಷ್ಟೊತ್ತಿಗೆ ಪ್ರತಿಯೊಂದು ಕಟ್ಟಡವೂ ತನ್ನ ನೀರನ್ನು ತಾನೇ ತಿರುಗಿ ಬಳಸಬೇಕು ಎಂಬ ಕಾನೂನು ಬಂದಿತ್ತು. ಅಡುಗೆಮನೆಯ ನೀರು, ಬಚ್ಚಲ ನೀರು, ಸಂಡಾಸದ ನೀರು ಎಲ್ಲವೂ ನೆಲಮಾಳಿಗೆಯ ಯಂತ್ರಕ್ಕೆ ಹೋಗಿ, ಸೋಸಿ, ಕಾಯ್ದು, ಕ್ರಿಮಿ ಕೊಲ್ಲುವ ಬೆಳಕಿನಲ್ಲಿ ಹಾದು, ಮರುದಿನ ಮತ್ತೆ ನಳದಲ್ಲಿ ಬರುತ್ತಿತ್ತು. ಮೊದಮೊದಲು ಜನ ಮೂಗು ಹಿಡಿದುಕೊಂಡು ಕುಡಿದರು. ಒಂದು ವರ್ಷದಲ್ಲಿ ಮರೆತೇಬಿಟ್ಟರು. ಚಹಾ ಚಹಾದ ಹಾಗೆಯೇ ಇತ್ತು, ಬೇಳೆ ಬೇಯುತ್ತಿತ್ತು, ಮತ್ತೇನು ಬೇಕು? ಯಾರ ನೀರು ಯಾರ ಲೋಟಕ್ಕೆ ಬಂತೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಕೇಳುವ ಹಾಗೆ ಮಾಡಿದವಳು ನಮ್ಮ ಸಾವಂತ್ರಿ ಕಟ್ಟಿಮನಿ.

ಹಾಗೆಂದು ಅವಳ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಅವಳ ತಾಯಿ ಸತ್ತದ್ದು ಕಾಮಾಲೆಯಿಂದ. ಅವರಿದ್ದ ಚಾಳಿನಲ್ಲಿ ಕುಡಿಯುವ ನೀರಿನ ಪೈಪಿಗೆ ಗಟಾರದ ನೀರು ಎಲ್ಲೋ ಸೇರುತ್ತಿತ್ತು. ಎಲ್ಲಿ ಎಂದು ಯಾರಿಗೂ ಸಿಗಲಿಲ್ಲ, ಹನ್ನೊಂದು ಜನ ಹೋದರು. ಅದಕ್ಕೇ ಅವಳು ಜೀವಶಾಸ್ತ್ರ ಓದಿ, ನೀರಿನ ಮೇಲೆಯೇ ಪಿಎಚ್.ಡಿ. ಹಿಡಿದದ್ದು. ಮನುಷ್ಯನ ಕರುಳಿನಲ್ಲಿ ಕೋಟಿಗಟ್ಟಲೆ ವೈರಸ್ಸುಗಳಿವೆ. ರೋಗ ತರುವಂಥವಲ್ಲ, ಕರುಳಿನ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವಂಥವು. ನೀರನ್ನು ಎಷ್ಟೇ ಸೋಸಿ ಕಾಯಿಸಿದರೂ ಅವುಗಳ ಚೂರುಗಳು ಉಳಿಯುತ್ತವೆ, ಯಾರಿಗೂ ಏನೂ ತೊಂದರೆ ಮಾಡುವುದಿಲ್ಲ. ಆ ಚೂರುಗಳನ್ನು ಹಿಡಿದು ಬಣ್ಣ ಬದಲಿಸುವ ಒಂದು ಪಾಚಿಯನ್ನು ಸಾವಂತ್ರಿ ಬೆಳೆಸಿ, ಬೆರಳಗಲದ ಪಟ್ಟಿಗೆ ಹತ್ತಿಸಿದಳು. ಅದಕ್ಕೆ ಜಾಡುಪಟ್ಟಿ ಎಂದು ಹೆಸರಿಟ್ಟಳು. ನಳಕ್ಕೆ ಅಂಟಿಸಿದರೆ ಸಾಕು, ಬಣ್ಣ ಗಾಢವಾಯಿತೆಂದರೆ ಪೈಪು ಸೋರುತ್ತಿದೆ ಎಂದರ್ಥ. ಅಷ್ಟೇ ಇತ್ತು ಅವಳ ಲೆಕ್ಕಾಚಾರ.

ಆದರೆ ಬಣ್ಣದಲ್ಲಿ ಎರಡು ಛಾಯೆ ಬರುತ್ತಿತ್ತು. ಕೆಲವು ಮನೆಗಳದ್ದು ಹಳದಿ, ಕೆಲವು ಮನೆಗಳದ್ದು ನೇರಳೆ. ತಿನ್ನುವ ಆಹಾರ ಬೇರೆಯಾದರೆ ಕರುಳಿನ ಸಂಸಾರವೂ ಬೇರೆ, ಅದರಿಂದ ಇರಬಹುದು ಎಂದು ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಎರಡು ಸಾಲು ಗೀಚಿದ್ದಳು. ಹೊನ್ನಿಹಾಳರ ಕಣ್ಣು ಬಿದ್ದದ್ದು ಆ ಎರಡು ಸಾಲಿನ ಮೇಲೆ.

"ಏ ಹುಡುಗಿ, ನಳ ಸೋರೋದು ಯಾರಿಗೆ ಬೇಕಾಗೇದ? ಇದು ನೋಡು ಖರೇ ಶೋಧ. ಇದು ನಿನ್ನ ಐದನೇ ಅಧ್ಯಾಯ" ಎಂದರು.

ಛಾಯೆ ಅಳೆಯಬೇಕಾದರೆ ಒಂದು ಆಧಾರದ ಮಾದರಿ ಬೇಕು. ಆ ಪ್ರಯೋಗಾಲಯದಲ್ಲೊಂದು ರೂಢಿಯಿತ್ತು: ಮಲದ ಮಾದರಿ ಬೇಕಾದಾಗ ಹೊರಗಿನವರನ್ನು ಕೇಳಿ ನಗೆಪಾಟಲಾಗುವ ಬದಲು ಅಲ್ಲಿದ್ದವರೇ ಸರದಿಯಲ್ಲಿ ಡಬ್ಬಿ ತುಂಬಿ ತಂದು ಕೊಡುತ್ತಿದ್ದರು. "ಶುದ್ಧ ಸಸ್ಯಾಹಾರದ ಮಾದರಿ ನಂದ ತಗೋ. ಉಳ್ಳಾಗಡ್ಡಿ ಬಳ್ಳೊಳ್ಳಿ ಸೈತ ನಮ್ಮ ಮನಿ ಹೊಸ್ತಿಲ ದಾಟಿಲ್ಲ" ಎಂದು ಗೈಡು ಸ್ವತಃ ಡಬ್ಬಿ ತಂದುಕೊಟ್ಟರು. ಗುರುಗಳು ಅಂದಮೇಲೆ ಮರುಪ್ರಶ್ನೆ ಎಲ್ಲಿಯದು? ಅದಕ್ಕೆ 'ಮಾದರಿ ಒಂದು' ಎಂದು ಚೀಟಿ ಹಚ್ಚಿದಳು. ಅದಕ್ಕೆ ಹೊಂದುವುದೆಲ್ಲ ಹಳದಿ, ಹೊಂದದ್ದು ನೇರಳೆ. ಹೀಗೆ ಪ್ರೊಫೆಸರ್ ಹೊನ್ನಿಹಾಳರ ಹೊಟ್ಟೆ ಊರಿನ ಪಾವಿತ್ರ್ಯದ ಅಳತೆಗೋಲಾಯಿತು.

ನಿರ್ಮಲಧಾರೆಯವರು ಪ್ರಾಯೋಗಿಕವಾಗಿ ಪಟ್ಟಿ ಹಾಕಿಸಿಕೊಂಡರು. ಮುನ್ನೂರು ಮನೆಯವರೂ ಡಬ್ಬಿ ಕೊಟ್ಟು ಕಾರ್ಡು ಪಡೆದರು. ಹಳದಿ ಕಾರ್ಡಿನವರ ಸಂಡಾಸದ ನೀರು ಒಂದು ತೊಟ್ಟಿಗೆ, ಅದೇ ತಿರುಗಿ ಕುಡಿಯುವ ನಳಕ್ಕೆ. ನೇರಳೆಯವರದ್ದು ಗಿಡಕ್ಕೆ, ಕಾರು ತೊಳೆಯಲಿಕ್ಕೆ. ಹಳದಿ ಸಂಡಾಸಗಳ ಬಾಗಿಲಿಗೆ ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬೀಗ. ಇಷ್ಟು ದಿನ ಒಂದೇ ನೀರು ಕುಡಿದುಕೊಂಡು ಸುಖವಾಗಿದ್ದವರು ಈಗ ಲಿಫ್ಟಿನಲ್ಲಿ ಒಬ್ಬರ ಕೊರಳಿನ ಕಾರ್ಡನ್ನು ಒಬ್ಬರು ಓರೆಗಣ್ಣಿನಲ್ಲಿ ನೋಡತೊಡಗಿದರು. ನೇರಳೆ ಬಂದ ಮನೆಯ ಹುಡುಗಿಗೆ ಗೊತ್ತಾಗಿದ್ದ ಮದುವೆಯೊಂದು ಮುರಿಯಿತು.

ಸಾವಂತ್ರಿಗೆ ಇದೆಲ್ಲ ಕಿವಿಗೆ ಬೀಳುತ್ತಿತ್ತು, ಕಸಿವಿಸಿಯಾಗುತ್ತಿತ್ತು. ಥೀಸಿಸ್ ಮುಗಿಯಲಿ, ಆಮೇಲೆ ನೋಡೋಣ ಎಂದು ತಲೆ ಬಗ್ಗಿಸಿ ಟೈಪು ಮಾಡುತ್ತ ಕೂತಳು. ಸುಳ್ಳೇಕೆ ಹೇಳಬೇಕು, ಶಾಲು ಹೊದ್ದ ಫೋಟೊವನ್ನು ಗೋಡೆಗೂ ತೂಗುಹಾಕಿದ್ದಳು.

ಅವಳು ಇದ್ದದ್ದು ಚಿಗವ್ವನ ಜೊತೆ, ಅದೇ ಚಾಳಿನಲ್ಲಿ. ತಾಯಿಯ ತಂಗಿ ಹುಲಿಗೆವ್ವ ಮದುವೆಯಾಗದೆ ಅಕ್ಕನ ಮಗಳನ್ನೇ ಸಾಕಿ ಓದಿಸಿದವಳು. ನಿರ್ಮಲಧಾರೆಯಲ್ಲೇ ಮೂರು ಮನೆಯ ಅಡುಗೆ ಅವಳದ್ದು. ಬೆಳಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆ ಐದಕ್ಕೆ. ಒಂದು ದಿನ ಮಧ್ಯಾಹ್ನವೇ ಬಂದು ಚಾಪೆಯ ಮೇಲೆ ಉರುಳಿಕೊಂಡಳು. ಮೈ ಕೆಂಡ. ಕಿಬ್ಬೊಟ್ಟೆ ಹಿಡಿದುಕೊಂಡು "ಯವ್ವಾ, ಯವ್ವಾ" ಎಂದು ನರಳುತ್ತಿದ್ದಳು. ದವಾಖಾನೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, ಮೂತ್ರದ ಸೋಂಕು ಕಿಡ್ನಿಗೆ ಏರಿದೆ, ಇವರು ನೀರನ್ನೇ ಕುಡಿಯುತ್ತಿಲ್ಲವೇ ಎಂದು ಬೈದರು.

ಮನೆಗೆ ಬಂದು ಸಾವಂತ್ರಿ ಚಿಗವ್ವನ ಚೀಲ ತೆಗೆದು ನೋಡಿದಳು. ಬೆಳಗ್ಗೆ ತಾನೇ ತುಂಬಿಕೊಟ್ಟಿದ್ದ ಬಾಟಲಿಯ ಮುಚ್ಚಳ ಕೂಡ ತಿರುಗಿಸಿರಲಿಲ್ಲ.

"ಯಾಕ ಚಿಗವ್ವ, ನೀರು ಯಾಕ ಕುಡಿಯಾಕತ್ತಿಲ್ಲ?"

"ಕುಡದ್ರ ಒಂದಕ್ಕ ಬರ್ತೈತಲ್ಲವಾ" ಎಂದಳು ಹುಲಿಗೆವ್ವ, ಏನೋ ತನ್ನದೇ ತಪ್ಪು ಎನ್ನುವ ಹಾಗೆ. "ನಮಗ ಕೊಟ್ಟದ್ದು ನೇರಳೆ ಕಾರ್ಡು. ಆ ಬಾಗಲಾ ತೆಗೆಯೂದಿಲ್ಲ. ಗೇಟಿನ ಹಂತ್ಯಾಕ ನಮಗೊಂದು ಕಟ್ಟಿಸ್ತೀವಿ ಅಂದಾರ, ಇನ್ನೂ ಪಾಯಾನ ತೆಗೆದಿಲ್ಲ. ಎರಡು ತಿಂಗಳಾತು ನೋಡು, ಹಿಂಗ ತಡಕೊಂಡು."

"ನಿನ್ನ ಡಬ್ಬಿ ಯಾವಾಗ ತಗೊಂಡಿದ್ರು? ನನಗ ಲ್ಯಾಬಿನ್ಯಾಗ ಕಂಡಿಲ್ಲಲ್ಲ."

"ನಮ್ಮದ್ಯಾಕ ತಗೋತಾರ? ಕೆಲಸದವರದು ನೋಡೂದೇನೈತಿ, ಗೊತ್ತಿದ್ದದ್ದ ಅಂದ್ರು. ಒಂದು ಬುಟ್ಟಿ ಕಾರ್ಡು ತಂದು ಎಲ್ಲಾರಿಗೂ ಹಂಚಿಬಿಟ್ರು."

ಹುಲಿಗೆವ್ವ ಜ್ವರದಲ್ಲೂ ನಕ್ಕಳು. "ನಾ ಬಡಿದ ರೊಟ್ಟಿ ಅವರ ಹೊಟ್ಟ್ಯಾಗ ಹೋಗಾಕ ಕಾರ್ಡು ಬ್ಯಾಡ ನೋಡು. ಇರ್ಲಿ ಬಿಡು. ಈ ಪಟ್ಟಿ ನಮ್ಮ ಹುಡುಗಿನ ಮಾಡಿದ್ದು ಅಂತ ಎಲ್ಲಾ ಮನ್ಯಾಗೂ ಹೇಳೀನಿ. ಅವರಿಗೂ ಭಾಳ ಖುಷಿ ಆತು."

ಸಾವಂತ್ರಿ ಎದ್ದು ಹೊರಗೆ ಹೋಗಿ ಮೋರಿಯ ಬದಿಗೆ ಕೂತು ವಾಂತಿ ಮಾಡಿಕೊಂಡಳು. ಆರು ವರ್ಷದಲ್ಲಿ ಯಾವ ತೊಟ್ಟಿಗೂ ಬರದ ವಾಂತಿ ಅವತ್ತು ಬಂತು. ಒಳಗೆ ಬಂದವಳೇ ಗೋಡೆಯ ಮೇಲಿನ ಫೋಟೊ ಕಿತ್ತು ಮಂಚದ ಕೆಳಗೆ ತಳ್ಳಿದಳು.

ಮರುದಿನ ಹೊನ್ನಿಹಾಳರ ಮುಂದೆ ಹೋಗಿ ನಿಂತು, ಚಿಗವ್ವನ ಕಥೆ ಹೇಳಿ, ಪಟ್ಟಿ ತೆಗೆಸಿರಿ ಸರ್ ಎಂದಳು. ಅವರು ಕುರ್ಚಿ ತಿರುಗಿಸಿಕೊಂಡು ಕೇಳಿದರು. "ಸಂಡಾಸಕ್ಕ ಕೀಲಿ ಹಾಕಿದವರು ಅವರು. ವಿಜ್ಞಾನಕ್ಕೂ ಅದಕ್ಕೂ ಏನ್ ಸಂಬಂಧ? ಹದಿನೈದು ದಿನಕ್ಕ ನಿನ್ನ ವೈವಾ ಅದ. ನಿನ್ನ ಅವಧಿನೂ ಈ ತಿಂಗಳಿಗೆ ಮುಗೀತದ. ಐದನೇ ಅಧ್ಯಾಯ ತೆಗೆದ್ರ ಉಳಿಯೂದೇನು? ನಳ ಸೋರೋದು. ಅದಕ್ಕ ಯಾರೂ ಡಾಕ್ಟರೇಟ್ ಕೊಡೂದಿಲ್ಲ. ನಿನ್ನ ಥೀಸಿಸ್ ಒಪ್ಪಿದ್ರಷ್ಟ ಊರಿನ ಎಲ್ಲಾ ಕಟ್ಟಡಕ್ಕೂ ಈ ಪಟ್ಟಿ ಹಚ್ಚಲಿಕ್ಕೆ ಪರವಾನಗಿ ಸಿಗ್ತದ. ಕಂಪನಿ ಶುರು ಮಾಡೋಣು, ನೀನ ಮುಖ್ಯ ವಿಜ್ಞಾನಿ. ನಿಮ್ಮ ಚಿಗವ್ವನ್ನ ಕೆಲಸ ಬಿಡಿಸು, ಮುಗೀತು."

ಊರಿನ ಎಲ್ಲ ಕಟ್ಟಡ! ಎಲ್ಲ ಕಟ್ಟಡದ ಹುಲಿಗೆವ್ವಂದಿರು! ಸಾವಂತ್ರಿ ಹೊರಗೆ ಬಂದಳು. ಆರು ವರ್ಷವೂ ಕಣ್ಣ ಮುಂದೆಯೇ ಇತ್ತು. ಸುಲಭಕ್ಕೆ ಬಿಡುವಂಥದ್ದೇ ಅದು?

ಅದೇ ವಾರ ಮಾಣಿಕರಾಯರು ಗುಟ್ಟಾಗಿ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಕರವಸ್ತ್ರ ಸುತ್ತಿದ ಡಬ್ಬಿ. ಮುಖ ಹುಳ್ಳಗೆ. "ನಮ್ಮ ತಾಯಿಯವರಿಗೆ ಮೂರು ಸಲ ನೋಡಿದ್ರೂ ನೇರಳೆ ಬರ್ಲಿಕ್ಕತ್ತದವಾ. ಎಂಬತ್ತೆರಡು ವಯಸ್ಸು, ಮುಂಜಾನೆದ್ದು ಜಪ, ವಾರಕ್ಕೆರಡು ಉಪವಾಸ. ಈಗ ನನ್ನ ಹೆಂಡತಿ, ಅತ್ತಿಯವರು ಹೊರಗ ಹೋದಾಗ ಎಲ್ಲಿ ಏನ್ ತಿಂತಾರೋ ಅಂತ ಅವರ ತಾಟು ಬ್ಯಾರೆ ಇಟ್ಟಾಳ. ಹೆಂಗಾರ ಮಾಡಿ ಹಳದಿ ಮಾಡಿಕೊಡು."

"ನಿಮಗ ಯಾವ ಬಣ್ಣ ಬಂತ್ರಿ?"

"ನನಗ ಹಳದಿ. ಪಕ್ಕಾ ಹಳದಿ" ಎಂದು ಎದೆಯ ಮೇಲಿನ ಕಾರ್ಡು ತಟ್ಟಿಕೊಂಡರು.

ತಾಯಿಗೆ ನೇರಳೆ, ಮಗನಿಗೆ ಹಳದಿ. ಅಳತೆಗೋಲೇ ತಿರುಗುಮುರುಗಾಗಿದೆಯೇನೋ ಎಂದು ಸಾವಂತ್ರಿಗೆ ತಲೆಯೊಳಗೆ ಕಚಕ್ಕೆಂದಿತು. ಅವರು ಹೋದಕೂಡಲೆ ಶೀತಲಪೆಟ್ಟಿಗೆಯಿಂದ 'ಮಾದರಿ ಒಂದು' ತೆಗೆದು, ಬಣ್ಣ ಬಿಟ್ಟು, ಒಳಗೆ ಯಾವ ಆಹಾರದ ಗುರುತುಗಳಿವೆ ಎಂದು ನೇರವಾಗಿ ಬಿಡಿಸಿ ನೋಡಿದಳು. ಎರಡು ದಿನದ ಕೆಲಸ. ಫಲಿತಾಂಶ ಪರದೆಯ ಮೇಲೆ ಬಂದಾಗ ನಕ್ಕಳು. ಕೋಳಿ. ಸ್ಪಷ್ಟವಾಗಿ ಕೋಳಿ. ಅಲ್ಲಲ್ಲಿ ಕುರಿಯೂ ಇತ್ತು.

ಹೊನ್ನಿಹಾಳರು ಕಾಗದ ನೋಡಿ, ಬಾಗಿಲು ಹಾಕು ಎಂದರು. "ಶನಿವಾರಕ್ಕೊಮ್ಮೆ ಅಷ್ಟ. ಬೆಳಗಾವ್ಯಾಗ ಗೆಳೆಯನ ಮನಿಯಾಗ. ಡಾಕ್ಟರು ಪ್ರೋಟೀನ್ ಕಮ್ಮಿ ಆಗೇದ ಅಂದಿದ್ರು."

"ನೀವು ಏನರ ತಿನ್ರಿ ಸರ್. ಡಬ್ಬಿ ಮ್ಯಾಲೆ ಸುಳ್ಳು ಯಾಕ ಬರಸಿದ್ರಿ?"

"ಈಗೇನಾತು? ವೈವಾದಾಗ ಬಾಯಿ ಬಿಡಬ್ಯಾಡ. ಆಮ್ಯಾಲೆ ಮಾದರಿ ಬದಲಿ ಮಾಡಿ, ಸುಧಾರಿತ ಪಟ್ಟಿ ಅಂತ ಇನ್ನೊಂದು ಪ್ರಬಂಧ ಬರಿ. ನಿನಗ ಛಲೋನ ಆತು." ಇಷ್ಟು ಹೇಳಿ ಆ ಮನುಷ್ಯ ಏಲಕ್ಕಿ ಬಾಯಿಗೆ ಹಾಕಿಕೊಂಡ. ನಾಚಿಕೆ ಎನ್ನುವುದು ಮುಖದ ಯಾವ ಮೂಲೆಯಲ್ಲೂ ಇರಲಿಲ್ಲ. ಕೋಳಿ ತಿಂದದ್ದಕ್ಕೆ ಅವಳಿಗೆ ಏನೂ ಅನಿಸಲಿಲ್ಲ, ತಾನೂ ತಿನ್ನುವವಳೇ. ಬಾಯಿ ಒರೆಸಿಕೊಂಡು ಬಂದು ಊರಿಗೆಲ್ಲ ಬೀಗ ಹಾಕುತ್ತಾನಲ್ಲ, ಅದಕ್ಕೆ ಮೈಯೆಲ್ಲ ಉರಿಯಿತು.

ವೈವಾ ಬೆಳಗ್ಗೆ ಹನ್ನೊಂದಕ್ಕೆ ಇತ್ತು. ಯಾರು ಬೇಕಾದರೂ ಬಂದು ಕೂರಬಹುದು, ಬಂದವರಿಗೆ ಅಭ್ಯರ್ಥಿಯೇ ಚಹಾ ಫಳಾರ ಕೊಡಬೇಕು. ಅದು ಅಲ್ಲಿನ ಪದ್ಧತಿ. ಸಾವಂತ್ರಿ ಮಿರ್ಚಿ ಭಜಿ, ಪೇಡೆ ತರಿಸಿದ್ದಳು. ಹುಲಿಗೆವ್ವ ಇನ್ನೂ ಪೂರ್ತಿ ಸುಧಾರಿಸಿರಲಿಲ್ಲ, ಆದರೂ ಇಳಕಲ್ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಡಾಕ್ಟರು ಹೇಳಿದ ಹಾಗೆ ಅವತ್ತು ಎರಡು ಬಾಟಲಿ ನೀರು ಕುಡಿದು ಬಂದಿದ್ದಳು. ಮುಂದಿನ ಮೂರು ಸಾಲು ನಿರ್ಮಲಧಾರೆಯವರು, ಎಲ್ಲರ ಎದೆಯ ಮೇಲೂ ಹಳದಿ ಕಾರ್ಡು. ಅವರು ಬರುತ್ತಾರೆಂದು ಹೊನ್ನಿಹಾಳರು ಹಿಂದಿನ ದಿನವೇ ವಿಭಾಗದ ಸಂಡಾಸಕ್ಕೂ ಅದೇ ಬೀಗ ಹಾಕಿಸಿದ್ದರು.

ಪರೀಕ್ಷಕಿ ಮಂಗಳೂರಿನವರು, ಗಂಭೀರ ಹೆಂಗಸು. ಒಂದು ಗಂಟೆ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಅವರು ಕನ್ನಡಕ ಸರಿಮಾಡಿಕೊಂಡು, "ಐದನೆಯ ಅಧ್ಯಾಯದಲ್ಲಿ ಹಳದಿಗೆ ಆಧಾರ 'ಮಾದರಿ ಒಂದು' ಎಂದಷ್ಟೇ ಇದೆ. ಅದು ಯಾರದ್ದು? ಅವರ ಆಹಾರ ಯಾವುದೆಂದು ಪರೀಕ್ಷಿಸಿದ್ದೀರಾ?" ಎಂದು ಕೇಳಿದರು.

ಹೊನ್ನಿಹಾಳರು ಕಣ್ಣಲ್ಲೇ ಹೆದರಿಸಿದರು. ಸಾವಂತ್ರಿ ಆ ಕಡೆ ನೋಡಲಿಲ್ಲ.

"ಮೊದಲ ಪರೀಕ್ಷೆ ಮಾಡಿರಲಿಲ್ಲ ಮೇಡಂ, ಅದು ನನ್ನ ತಪ್ಪು. ಮಾದರಿ ನಮ್ಮ ಗೈಡ್ ಸರ್ ಅವರದು. ಈಗ ಪರೀಕ್ಷೆ ಮಾಡೀನಿ. ಅದರಾಗ ಕೋಳಿ ಐತಿ, ಕುರಿ ಐತಿ. ಅಂದ್ರ ಹಳದಿ ಬಂದವರೆಲ್ಲಾ ಅವರಂಗ ತಿನ್ನಾವರು. ನಿರ್ಮಲಧಾರ್ಯಾಗ ಡಬ್ಬಿ ಕೊಟ್ಟು ನೇರಳೆ ಅಂತ ಅವಮಾನ ಮಾಡಿಸಿಕೊಂಡವರ ಖರೇ ಸಸ್ಯಾಹಾರಿಗಳು."

ಹಿಂದಿನ ಸಾಲಿನ ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಮಾಣಿಕರಾಯರು ಎದೆಯ ಮೇಲಿನ ಕಾರ್ಡನ್ನು ಮೆಲ್ಲಗೆ ಕಿಸೆಗಿಳಿಸಿದರು. ಹೊನ್ನಿಹಾಳರ ಮುಖ ಸುಟ್ಟ ಬದನೆಕಾಯಿಯಾಯಿತು. ಸಾವಂತ್ರಿ ಒಂದು ಕ್ಷಣ ನಂಬಿದಳು, ಇನ್ನು ಇವರಿಗೆ ನಾಚಿಕೆಯಾಗುತ್ತದೆ, ಎದ್ದು ಹೋಗಿ ಬೀಗ ತೆಗೆಸುತ್ತಾರೆ ಎಂದು.

ಎಲ್ಲಿಯ ನಾಚಿಕೆ! ಎರಡನೆಯ ಸಾಲಿನಿಂದ ಒಬ್ಬರು ಎದ್ದು, "ಮಾದರಿ ತಪ್ಪದ, ಪಟ್ಟಿ ಏನ್ ತಪ್ಪಿಲ್ಲಲ್ಲ! ಬ್ಯಾರೆ ಮಾದರಿ ತಗೋರಿ. ನಮ್ಮ ಮನಿಯಾಗಿಂದ ನಾಳೆನ ಕಳಸ್ತೀನಿ" ಎಂದರು. "ನಿಮ್ಮದ್ಯಾಕ್ರಿ? ನಿಮ್ಮ ಮಗ ಹಾಸ್ಟೆಲ್‌ನ್ಯಾಗ ತತ್ತಿ ತಿಂತಾನ. ನಮ್ಮದು ತಗೋಬೇಕು" ಎಂದರು ಇನ್ನೊಬ್ಬರು. ಈಗ ಮಾಣಿಕರಾಯರಿಗೂ ಧೈರ್ಯ ಬಂತು. "ನಮ್ಮ ತಾಯಿಯವರದು ತಗೋರಿ! ಎಂಬತ್ತೆರಡು ವರ್ಷದ ನೇಮ ನಿಷ್ಠೆ!" ಎಂದು ಕೂಗಿದರು. ನಿನ್ನೆಯವರೆಗೆ ಆ ಮುದುಕಿಯ ತಾಟು ಬೇರೆ ಇಟ್ಟವರು! ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಇಸ್ತ್ರಿ ಅಂಗಿಯ ದೊಡ್ಡ ಮನುಷ್ಯರು ಯಾರ ಮನೆಯ ಮಲ ಹೆಚ್ಚು ಪವಿತ್ರವೆಂದು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರು. ಅಯ್ಯೋ ಶಿವನೇ, ಇದಕ್ಕಿಂತ ಗಟಾರದ ನೀರು ಎಷ್ಟೋ ವಾಸಿ.

ಪರೀಕ್ಷಕಿ ಮೇಜು ಕುಟ್ಟಿ ಎಲ್ಲರನ್ನೂ ಕೂರಿಸಿದರು. "ನೋಡಿ ಸಾವಂತ್ರಿ, ನೀವು ತಪ್ಪನ್ನು ಒಪ್ಪಿಕೊಂಡದ್ದು ಒಳ್ಳೆಯದು. ವಿಧಾನ ಸರಿಯಾಗಿದೆ. ಸರಿಯಾದ ಮಾದರಿ ಇಟ್ಟು ಆ ಅಧ್ಯಾಯವನ್ನು ತಿದ್ದಿ ಕೊಡುತ್ತೀರಾದರೆ ಪದವಿಗೆ ಶಿಫಾರಸು ಮಾಡುತ್ತೇನೆ. ಏನು ಹೇಳುತ್ತೀರಿ?"

ಇಷ್ಟು ಸುಲಭವೇ? ಒಂದು ಹೂಂ ಅಂದರೆ ಆಯಿತು. ಸಾವಂತ್ರಿಯ ಬಾಯಿಗೆ ಹೂಂ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಹುಲಿಗೆವ್ವ ಹೊಟ್ಟೆ ಹಿಡಿದುಕೊಂಡು, ಬಗ್ಗಿಕೊಂಡು ಹೊರಗೆ ಹೋಗುವುದು ಕಾಣಿಸಿತು. ತೆರೆದ ಬಾಗಿಲಿನಾಚೆ ಜವಾನನ ದನಿ: "ಹಳದಿ ಕಾರ್ಡ್ ಐತೇನವಾ? ಇಲ್ಲಂದ್ರ ಕೀಲಿ ತೆಗೆಯೂದಿಲ್ಲ. ನನಗೂ ಇಲ್ಲ ಅದು." ಆಮೇಲೆ ಹುಲಿಗೆವ್ವನ ಸಣ್ಣ ದನಿ: "ಇರ್ಲಿ ಬಿಡಪ್ಪ. ತಡಕೋತೀನಿ."

ಸಾವಂತ್ರಿ ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲೆ ಇಟ್ಟು ನೇರ ಹೊರಗೆ ನಡೆದಳು. ಗೋಡೆಗೆ ಒರಗಿ ನಿಂತಿದ್ದ ಚಿಗವ್ವನ ಕೈ ಹಿಡಿದು ಎದುರಿನ ಹೊನ್ನಿಹಾಳರ ಕೋಣೆಗೆ ಎಳೆದುಕೊಂಡು ಹೋದಳು. ಅದರೊಳಗೆ ಅವರ ಸ್ವಂತದ ಸಂಡಾಸವಿತ್ತು, ಅದಕ್ಕೆ ಬೀಗವಿರಲಿಲ್ಲ. ಚಿಗವ್ವನನ್ನು ಒಳಗೆ ಬಿಟ್ಟು, ಬಾಗಿಲು ಎಳೆದುಕೊಂಡು, ಅಡ್ಡಲಾಗಿ ನಿಂತಳು.

ಹೊನ್ನಿಹಾಳರು ಓಡಿ ಬಂದರು. ಅವರ ಹಿಂದೆ ಪರೀಕ್ಷಕಿ, ಅವರ ಹಿಂದೆ ನಿರ್ಮಲಧಾರೆಯ ಮೂರೂ ಸಾಲು. "ತಲಿ ಕೆಟ್ಟದೇನು ನಿನಗ? ಯಾರನ್ನ ಒಳಗ ಬಿಟ್ಟಿ? ಸರಿ ಆ ಕಡೆ!"

"ಒಳಗ ಮಂದಿ ಅದಾರ್ರಿ ಸರ್."

"ಅಮ್ಮಾ, ನನ್ನ ಪ್ರಶ್ನೆಗೆ ಉತ್ತರ ಕೊಡದೆ ಬಂದಿರಿ" ಎಂದರು ಪರೀಕ್ಷಕಿ. "ಅಧ್ಯಾಯ ತಿದ್ದುತ್ತೀರೋ ಇಲ್ಲವೋ?"

"ತಿದ್ದೂದಿಲ್ರಿ ಮೇಡಂ. ತಿದ್ದಿದ್ರ ಅದು ಮಂದಿನ್ನ ಬ್ಯಾರೆ ಮಾಡೂ ಕೆಲಸ ಬರೋಬ್ಬರಿ ಮಾಡ್ತೈತಿ. ಐದನೇ ಅಧ್ಯಾಯ ವಾಪಸ್ ತಗೊಂಡೀನಿ ಅಂತ ಬರಕೋರಿ."

"ಅದಿಲ್ಲದೆ ನಾನು ಪದವಿ ಕೊಡಲಿಕ್ಕೆ ಆಗುವುದಿಲ್ಲ. ಗೊತ್ತಲ್ಲ?"

"ಗೊತ್ತೈತ್ರಿ" ಎಂದಳು ಸಾವಂತ್ರಿ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಆದರೂ ಬಾಗಿಲು ಬಿಟ್ಟು ಕದಲಲಿಲ್ಲ.

"ಹೋತು, ಆರು ವರ್ಷ ಹೋತು ನಿಂದು!" ಎಂದು ಹೊನ್ನಿಹಾಳರು ಕೂಗಿದರು.

ಆಗ ಒಳಗಿನಿಂದ ಹುಲಿಗೆವ್ವ ಅಂಜುತ್ತ ಅಂಜುತ್ತ ಕೇಳಿದಳು. "ಸಾವಂತ್ರಿ, ನೀರು ಹಾಕ್ಲೋ ಬ್ಯಾಡೋ? ಇವರ ನೀರಿಗೆ ಕೂಡ್ತೈತೇನವಾ ಇದು?"

"ಹಾಕು ಚಿಗವ್ವ" ಎಂದಳು ಸಾವಂತ್ರಿ, ಎಲ್ಲರಿಗೂ ಕೇಳುವ ಹಾಗೆ. "ಕೂಡ್ಲಿ."